ಬಾಟು ಗುಹೆಯ 272 ಮೆಟ್ಟಿಲು, ಒಂದು ಬಿಂದಿಗೆ ಹಾಲು

ಕುಕ್ಕೆಯ ಸುಬ್ಬಪ್ಪ ನಮಗೆ ನಾಗರೂಪಿ. ಹುತ್ತ, ಮೃತ್ತಿಕೆ ಪ್ರಸಾದ, ಆಶ್ಲೇಷಾ ಬಲಿ, ಚಂಪಾಷಷ್ಠಿಯ ತೇರು ಇವೆಲ್ಲ ಅವನ ಹೆಸರಿನ ಜೊತೆಗೇ ನೆನಪಾಗುತ್ತವೆ. ಮಲೇಷ್ಯಾದಲ್ಲಿ ಕೆಲಸಕ್ಕಿರುವ ಕನ್ನಡಿಗರು ಕ್ವಾಲಾಲಂಪುರದ ಹೊರವಲಯದ ಬಾಟು ಗುಹೆಗೆ ಹೋದಾಗ ಕಾಣುವವನು ವೇಲ್ ಎಂಬ ಈಟಿ ಹಿಡಿದು ನಿಂತ ತರುಣ ಮುರುಗ. ಬಂಗಾರದ ಬಣ್ಣದ ಆ ಮೂರ್ತಿಯ ಎತ್ತರ 42.7 ಮೀಟರ್, 2006ರಲ್ಲಿ ಅನಾವರಣಗೊಂಡದ್ದು. ರೂಪ ಬೇರೆಯಾದರೂ ಸ್ವಾಮಿ ಅವನೇ. ಊರಿಗೆ ಹೋದಾಗ ತೀರಿಸೋಣ ಎಂದು ಮುಂದೂಡಿದ ಷಣ್ಮುಖನ ಹರಕೆಯನ್ನು ಇಲ್ಲಿ ಹಾಲಿನ ಬಿಂದಿಗೆ ಹೊತ್ತು ಸಲ್ಲಿಸಬಹುದು. ತಮಿಳರು ಅದನ್ನು ಪಾಲ್‌ಕುಡಂ ಎನ್ನುತ್ತಾರೆ.

ಗುಹೆಯ ಬಾಯಿ ವೇಲಿನ ಆಕಾರದಲ್ಲಿದೆ ಎಂದು ಕಂಡು ತಮಿಳು ವ್ಯಾಪಾರಿ ಕೆ. ತಂಬುಸ್ವಾಮಿ ಪಿಳ್ಳೆಯವರು ಇಲ್ಲಿ ಮುರುಗನನ್ನು ಪ್ರತಿಷ್ಠಾಪಿಸಿದರೆಂದು ಹೇಳುತ್ತಾರೆ. ಮುರುಗನ ಹಬ್ಬ ತೈಪೂಸಂ ಇಲ್ಲಿ ನಡೆಯುತ್ತಿರುವುದು 1892ರಿಂದ. ಪುಷ್ಯ ನಕ್ಷತ್ರ ಕೂಡುವ ಆ ಹುಣ್ಣಿಮೆ ಜನವರಿಯಲ್ಲೋ ಫೆಬ್ರವರಿಯಲ್ಲೋ ಬರುತ್ತದೆ. ಹಬ್ಬಕ್ಕೆ ಎರಡು ದಿನ ಮುಂಚಿನ ರಾತ್ರಿ ನಗರದೊಳಗಿನ ಶ್ರೀ ಮಹಾಮಾರಿಯಮ್ಮನ ಗುಡಿಯಿಂದ ಬೆಳ್ಳಿರಥ ಹೊರಟು, ಸುಮಾರು 15 ಕಿಲೋಮೀಟರ್ ದಾರಿಯನ್ನು ಗಂಟೆಗಟ್ಟಲೆ ಸವೆಸಿ ಗುಹೆ ಸೇರುತ್ತದೆ. ಮೊದಲ ಸಲ ಬಿಂದಿಗೆ ಹೊರುವವರು ಆ ದಿನವೇ ಆಗಬೇಕೆಂದು ಹಟ ಹಿಡಿಯುವುದು ಬೇಡ. ನೂಕುನುಗ್ಗಲು ತಪ್ಪಿಸಲು ಕೆಲವು ದಿನ ಮೊದಲೇ ಹರಕೆ ತೀರಿಸುವವರು ಬಹಳ ಜನ ಇದ್ದಾರೆ. ಅದರಲ್ಲಿ ಕೊರತೆಯೇನೂ ಇಲ್ಲ.

ಪೂರ್ತಿ ವ್ರತವೆಂದರೆ 48 ದಿನ. ಕೆಲಸದ ನಡುವೆ 21, 7, ಕಡೆಗೆ 3 ದಿನ ಹಿಡಿಯುವವರೂ ಉಂಟು. ಚಾಪೆಯ ಮೇಲೆ ಮಲಗುವುದು, ಒಪ್ಪೊತ್ತಿನ ಊಟ, ಬ್ರಹ್ಮಚರ್ಯ. ಮನೆಯಲ್ಲಿ ಅಡುಗೆ ಮಾಡಿಕೊಳ್ಳುವವರಿಗೆ ಕಷ್ಟವಿಲ್ಲ, ಎಡವುವುದು ಆಫೀಸಿನ ಮಧ್ಯಾಹ್ನದಲ್ಲಿ. ನಾಸಿ ಲೆಮಾಕ್ ಅನ್ನ ತೆಂಗಿನಹಾಲಿನದೇ ಆದರೂ ಪಕ್ಕದ ಖಾರದ ಚಟ್ನಿ ಸಂಬಾಲ್‌ನಲ್ಲಿ ಸಾಮಾನ್ಯವಾಗಿ ಸಿಗಡಿ ಹುದುಗಿಸಿ ಮಾಡಿದ ಬೆಲಾಚಾನ್ ಇರುತ್ತದೆ, ಮೇಲೆ ಒಣಮೀನು ಉದುರಿಸುತ್ತಾರೆ. ತರಕಾರಿ ಪಲ್ಯ ಎಂದು ಕೊಟ್ಟದ್ದಕ್ಕೂ ಅದೇ ಬೆಲಾಚಾನ್ ಬಿದ್ದಿರಬಹುದು. ವ್ರತದ ದಿನಗಳಲ್ಲಿ ಡಬ್ಬಿ ಕಟ್ಟಿಕೊಂಡು ಹೋಗುವುದೇ ಸರಿ. ಸಕ್ಕರೆ ಕಾಯಿಲೆಯವರು ಒಪ್ಪೊತ್ತು ಹಿಡಿಯದೆ ಸಾತ್ವಿಕ ಊಟವನ್ನಷ್ಟೇ ನಿಯಮ ಮಾಡಿಕೊಳ್ಳಲಿ. ಮೆಟ್ಟಿಲ ನಡುವೆ ತಲೆ ಸುತ್ತಿ ಬಿದ್ದರೆ ಹಿಂದಿನವರ ಬಿಂದಿಗೆಗೂ ಆಪತ್ತು.

ಹರಕೆ ಒಬ್ಬರದಾದರೂ ಅದನ್ನು ಒಬ್ಬರೇ ತೀರಿಸಲಾಗದು. ಬಿಂದಿಗೆಯನ್ನು ತಲೆಗೆ ಇನ್ನೊಬ್ಬರು ಎತ್ತಿಡಬೇಕು, ಮೇಲೆ ಇನ್ನೊಬ್ಬರು ಇಳಿಸಬೇಕು. ಊರಿನಲ್ಲಾದರೆ ತಾಯಿಯೋ ಸೋದರಮಾವನೋ ಇರುತ್ತಿದ್ದರು. ಇಲ್ಲಿ ಆ ಜಾಗದಲ್ಲಿ ನಿಲ್ಲುವವರು ಗೆಳೆಯರು. ನಾಲ್ವರು ಹೊರಟರೆ ಸಾಕು: ಒಬ್ಬರು ಹೊರುವವರು, ಮುಂದೆ ದಾರಿ ಬಿಡಿಸಿಕೊಂಡು ಹೋಗುವವರೊಬ್ಬರು, ಮೊಣಕೈ ಹತ್ತಿರ ಕೈಯಿಟ್ಟು ಹಿಂದೆಯೇ ಹತ್ತುವವರೊಬ್ಬರು, ನೀರು, ಚಪ್ಪಲಿ, ಫೋನ್ ನೋಡಿಕೊಳ್ಳುವವರೊಬ್ಬರು. ಜೊತೆಗಿರುವವರೂ ಹಿಂದಿನ ದಿನದಿಂದ ಮಾಂಸ ಬಿಟ್ಟು, ಬೆಳಿಗ್ಗೆ ಸ್ನಾನ ಮಾಡಿ ಬರಬೇಕು.

ಹಾಲು ಒಂದೂವರೆಯಿಂದ ಎರಡು ಲೀಟರ್ ಸಾಕು. ಕಂಠ ಕಿರಿದಾದ ಸ್ಟೀಲಿನ ಬಿಂದಿಗೆ ಒಳ್ಳೆಯದು. ಹಿತ್ತಾಳೆ ಚೆನ್ನ, ಆದರೆ ಅರ್ಧ ಏರುವಷ್ಟರಲ್ಲಿ ಕತ್ತು ಸೋಲುತ್ತದೆ. ಮುಕ್ಕಾಲು ಭಾಗ ಮಾತ್ರ ತುಂಬಿಸಿ. ಕಂಠದವರೆಗೆ ತುಂಬಿದರೆ ಹೆಜ್ಜೆಹೆಜ್ಜೆಗೂ ತುಳುಕಿ ಮೆಟ್ಟಿಲು ಜಾರುತ್ತದೆ, ಬರಿಗಾಲಲ್ಲಿ ಹಿಂದೆ ಬರುವವರು ಬೀಳುತ್ತಾರೆ. ಬಾಯಿಗೆ ಬಾಳೆಲೆ, ಅದರ ಮೇಲೆ ಒಗೆದ ಹಳದಿ ಬಟ್ಟೆ ಮುಚ್ಚಿ, ದಾರದಿಂದ ಬಿಗಿದು ಅರಿಶಿನದ ಕೊಂಬು ಕಟ್ಟಿ. ತಲೆಗೆ ಟವೆಲ್ ಸುತ್ತಿ ಸಿಂಬೆ ಮಾಡಿಕೊಳ್ಳದಿದ್ದರೆ ಬಿಂದಿಗೆ ನಿಲ್ಲುವುದಿಲ್ಲ. ಅಲ್ಲಿನ ಸೆಕೆಗೆ ಹಾಲು ಬೇಗ ಕೆಡುತ್ತದೆ, ಆದ್ದರಿಂದ ಪ್ಯಾಕೆಟ್ ಒಡೆದು ಸುರಿಯುವುದು ಹೊರಡುವ ಜಾಗದಲ್ಲೇ ಆಗಲಿ. ಹಬ್ಬದಲ್ಲಿ ಹೆಚ್ಚಿನವರು ಗುಹೆಗೆ ಸಮೀಪದ ಸುಂಗೈ ಬಾಟು ಹೊಳೆಯ ಬಳಿ ಮಿಂದು, ಪೂಜೆ ಮಾಡಿಸಿ, ಅಲ್ಲಿಂದ ನಡೆಯುತ್ತಾರೆ.

ನಗರದ ಮುಖ್ಯ ರೈಲು ನಿಲ್ದಾಣ ಕೆಎಲ್ ಸೆಂಟ್ರಲ್‌ನಿಂದ ಕೆಟಿಎಂ ಕೊಮ್ಯೂಟರ್ ರೈಲು ಗುಹೆಯ ಬುಡಕ್ಕೇ ಬರುತ್ತದೆ. ನಿಲ್ದಾಣದಿಂದ ಹೊರಬಂದರೆ ಸಿಗುವುದು ರಾಮಾಯಣ ಗುಹೆಯ ಮುಂದಿನ ಹಸಿರು ಹನುಮಂತ. ಜನಸಂದಣಿಯಲ್ಲಿ ಫೋನ್ ಸಿಗ್ನಲ್ ಕೈಕೊಡುವುದರಿಂದ, ತಪ್ಪಿಸಿಕೊಂಡವರು ಕೂಡಲು ಹನುಮಂತನ ಪಾದವೇ ಗುರುತು ಎಂದು ಮೊದಲೇ ಮಾತಾಡಿಕೊಳ್ಳಿ. ಮಂಡಿ ಮುಚ್ಚುವ ಬಟ್ಟೆ ಕಡ್ಡಾಯ.

2018ರಲ್ಲಿ ಬಣ್ಣ ಬಳಿದ ಮೆಟ್ಟಿಲುಗಳು ಕಣ್ಣಿಗೆ ಹಬ್ಬ, ಕಾಲಿಗೆ ಪರೀಕ್ಷೆ. ಕಡಿದಾಗಿವೆ, ಅಗಲ ಕಡಿಮೆ. ಪಾದವನ್ನು ಸ್ವಲ್ಪ ಓರೆಯಾಗಿ ಇಡಬೇಕು. ಹತ್ತು ಗಂಟೆಯ ಮೇಲೆ ಬಿಸಿಲಿಗೆ ಕಾದು ಬರಿಗಾಲು ಸುಡುತ್ತವೆ, ಬೆಳಗಿನ ಹೊತ್ತೇ ಲೇಸು. ಕೋತಿಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದು ಕೇಳಿದರೆ ಸಾಕು, ಬಾಳೆಹಣ್ಣು, ಕಾಯಿ ಕಿತ್ತುಕೊಳ್ಳುತ್ತವೆ. ಪೂಜಾ ಸಾಮಾನು ಜಿಪ್ ಇರುವ ಬಟ್ಟೆಚೀಲದಲ್ಲಿ, ಬೆನ್ನಿಗಲ್ಲ, ಎದೆಗೆ ತೂಗಿರಲಿ.

ಅರ್ಧ ದಾರಿಯಲ್ಲಿ ಹೊತ್ತವರ ಉಸಿರು ಕಟ್ಟಿದಾಗ ಜೊತೆಯವರು ಮಾಡಬೇಕಾದ್ದು ಸಮಾಧಾನದ ಮಾತಲ್ಲ, ನಾಮಸ್ಮರಣೆ. ಸುತ್ತಲಿನವರು 'ವೇಲ್ ವೇಲ್' ಎನ್ನುವಾಗ ನೀವು 'ಸುಬ್ರಹ್ಮಣ್ಯ' ಎಂದರೂ ಹೆಜ್ಜೆಯ ತಾಳಕ್ಕೆ ಕೂಡುತ್ತದೆ. ಎರಡು ಬೆಟ್ಟಗಳನ್ನು ಹೆಗಲ ಮೇಲೆ ಹೊತ್ತ ಅಸುರ ಇಡುಂಬನ ಭಾರವನ್ನು ಸ್ವಾಮಿ ಕೃಪೆಯಾಗಿ ತಿರುಗಿಸಿದ ಕಥೆ ಇಲ್ಲಿನ ಪ್ರತಿ ಕಾವಡಿಯ ಹಿಂದೆಯೂ ಇದೆ. ಮೇಲೆ ಸುಣ್ಣಕಲ್ಲಿನ ತಂಪು, ಚಾವಣಿಯಿಂದ ತೊಟ್ಟಿಕ್ಕುವ ನೀರು. ಗುಡಿಯ ಮುಂದೆ ಬಿಂದಿಗೆ ಇಳಿಸುವವರು ಅದನ್ನು ತಲೆಗೆ ಎತ್ತಿದ ಗೆಳೆಯರೇ ಆಗಿರಲಿ. ಹಾಲನ್ನು ಅರ್ಚಕರಿಗೆ ಒಪ್ಪಿಸಿ ವಿಭೂತಿ ಪಡೆದು, ಇನ್ನೊಂದಿಷ್ಟು ಮೆಟ್ಟಿಲು ಹತ್ತಿ, ಆಕಾಶಕ್ಕೆ ತೆರೆದ ಒಳಗುಹೆಯಲ್ಲಿ ವಳ್ಳಿ ದೇವಯಾನಿಯರೊಡನಿರುವ ಸ್ವಾಮಿಯನ್ನೂ ನೋಡಿ ಬನ್ನಿ.

ಇಳಿಯುವಾಗ ಮಂಡಿ ನಡುಗುತ್ತದೆ. ಕಂಬಿ ಹಿಡಿದು ಇಳಿಯಿರಿ. ಖಾಲಿ ಬಿಂದಿಗೆಯನ್ನು ಕೆಳಗೆ ಬಂದ ಕೂಡಲೇ ತೊಳೆಯಬೇಕು, ಮನೆ ಮುಟ್ಟುವಷ್ಟರಲ್ಲಿ ಹುಳಿವಾಸನೆ ಹಿಡಿಯುತ್ತದೆ. ವಿಭೂತಿಯನ್ನು ಅಲ್ಲೇ ನಾಲ್ಕು ಪೊಟ್ಟಣ ಮಾಡಿ ಹಂಚಿಕೊಳ್ಳಿ.