ಷಿಕಾಗೋದ ಸ್ಟ್ಯಾಗ್ ಮೇಷ್ಟ್ರು

ಎ. ಕೆ. ರಾಮಾನುಜನ್ ಪಾಠ ಹೇಳಿದ ವಿಶ್ವವಿದ್ಯಾಲಯವೆಂಬ ಅಭಿಮಾನದಿಂದ ಷಿಕಾಗೋಗೆ ಓದಲು ಹೋದ ನಾನು ಅಲ್ಲಿ ಹೆಚ್ಚು ಹೊತ್ತು ಕಳೆದದ್ದು ರೆಜೆನ್‌ಸ್ಟೈನ್ ಗ್ರಂಥಾಲಯದಲ್ಲಿ. ಆ ಕಟ್ಟಡ ನಿಂತಿರುವ ಜಾಗದಲ್ಲಿ ಹಿಂದೆ ಅಮೆರಿಕನ್ ಫುಟ್‌ಬಾಲ್ ಮೈದಾನವಿತ್ತೆಂದೂ ಅದು ಅಮೋಸ್ ಅಲೊಂಜೊ ಸ್ಟ್ಯಾಗ್ ಎಂಬ ತರಬೇತುದಾರರ ಹೆಸರಿನಲ್ಲಿತ್ತೆಂದೂ ತಿಳಿದದ್ದು ಆಮೇಲೆ. ಮೈದಾನದ ಪಶ್ಚಿಮ ಗ್ಯಾಲರಿಯ ಕೆಳಗೆ 1942ರ ಡಿಸೆಂಬರ್ 2ರಂದು ಭೌತವಿಜ್ಞಾನಿ ಎನ್ರಿಕೊ ಫರ್ಮಿಯವರ ತಂಡ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆಯನ್ನು ಸಾಧಿಸಿದ್ದರಿಂದ ಆ ಸ್ಥಳ ಇಂದಿಗೂ ಪ್ರಸಿದ್ಧವಾಗಿದೆ. ಆದರೆ ಆ ಮೈದಾನ ಯಾರ ಹೆಸರಿನಲ್ಲಿತ್ತೋ ಆ ಮೇಷ್ಟ್ರನ್ನು ನಮ್ಮ ಕಾಲೇಜಿನ ಓದುಗರೂ ಅರಿಯಬೇಕೆಂಬುದು ನನ್ನ ಆಸೆ.

1862ರಲ್ಲಿ ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ ಹುಟ್ಟಿದ ಸ್ಟ್ಯಾಗ್, ಪಾದ್ರಿಯಾಗುವ ಉದ್ದೇಶದಿಂದ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಅಲ್ಲಿ ಅವರಿಗೆ ಗುರುಗಳಾಗಿದ್ದ ವಿಲಿಯಂ ರೇನಿ ಹಾರ್ಪರ್ ಷಿಕಾಗೋ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರಾದಾಗ, 1892ರಲ್ಲಿ ಶಿಷ್ಯನನ್ನು ಕರೆಸಿಕೊಂಡರು. ಹಳೆಯ ಆಟಗಾರರು ಒಂದೆರಡು ಋತುಗಳಿಗೆ ಬಂದು ತಂಡವನ್ನು ತಿದ್ದಿ ಹೋಗುವುದು ಸಾಮಾನ್ಯವಾಗಿದ್ದ ಕಾಲದಲ್ಲಿ, ಹಾರ್ಪರ್ ಈ ಶಿಷ್ಯನಿಗೆ ಅಧ್ಯಾಪಕ ವರ್ಗದಲ್ಲೇ ಖಾಯಂ ಸ್ಥಾನ ಕೊಟ್ಟರು. ಸ್ಟ್ಯಾಗ್ ಅವರ ಇಡೀ ವೃತ್ತಿಜೀವನದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಇದೇ: ಅಂಡಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವ, ಎದುರಾಳಿಯನ್ನು ಕೆಡವುವ ಆ ಒರಟು ಆಟವನ್ನು ಕಲಿಸುವವನೂ ಮೇಷ್ಟ್ರೇ ಎಂದು ಒಂದು ವಿಶ್ವವಿದ್ಯಾಲಯ ಒಪ್ಪಿಕೊಂಡಿತು, ಸ್ಟ್ಯಾಗ್ ಆ ಸ್ಥಾನಕ್ಕೆ ತಕ್ಕಂತೆ ಬದುಕಿದರು. 56 ಪಂದ್ಯಗಳಿಂದ ಸೋಲನ್ನೇ ಕಾಣದಿದ್ದ ಮಿಷಿಗನ್ ತಂಡವನ್ನು 1905ರಲ್ಲಿ ಅವರ ಹುಡುಗರು 2–0 ಅಂತರದಿಂದ ಮಣಿಸಿದರು.

ಷಿಕಾಗೋದಲ್ಲಿ ನಾಲ್ಕು ದಶಕ ಕಳೆದ ಮೇಲೆ, 70 ತುಂಬಿತೆಂದು ವಿಶ್ವವಿದ್ಯಾಲಯ ಅವರನ್ನು ತರಬೇತಿಯಿಂದ ನಿವೃತ್ತಿಗೊಳಿಸಿತು. ಬೇರೊಂದು ಹುದ್ದೆಯ ಆಹ್ವಾನ ಬಂದರೂ ಮೈದಾನವನ್ನು ಬಿಡಲು ಮನಸ್ಸಾಗದೆ, 1933ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್‌ಗೆ ಹೋಗಿ ಕಾಲೇಜ್ ಆಫ್ ದಿ ಪೆಸಿಫಿಕ್‌ನ ಸಣ್ಣ ತಂಡವನ್ನು ವಹಿಸಿಕೊಂಡರು. ಎದುರಾಳಿಗಳ ಆಟವನ್ನು ನೋಡಿ ಬಂದು ವಿವರಿಸುವ ಕೆಲಸದಲ್ಲಿ ಅವರಿಗೆ ಪತ್ನಿ ಸ್ಟೆಲ್ಲಾ ನೆರವಾಗುತ್ತಿದ್ದರು. ಆ ದಾಂಪತ್ಯದ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು. 1943ರಲ್ಲಿ, 81ರ ವಯಸ್ಸಿನಲ್ಲಿ, ಅಮೆರಿಕದ ತರಬೇತುದಾರರು ಅವರನ್ನೇ ವರ್ಷದ ಶ್ರೇಷ್ಠ ತರಬೇತುದಾರರೆಂದು ಆರಿಸಿದರು. ಅನಂತರ ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ವಿಶ್ವವಿದ್ಯಾಲಯದಲ್ಲಿ, ತಂಡದ ಹೊಣೆ ಹೊತ್ತಿದ್ದ ಮಗನ ಜೊತೆ ದುಡಿದು, ಸ್ಟಾಕ್‌ಟನ್‌ಗೆ ಮರಳಿ, ಅಲ್ಲಿನ ಜೂನಿಯರ್ ಕಾಲೇಜಿನ ಹುಡುಗರಿಗೆ ಚೆಂಡು ಒದೆಯುವ ವರಸೆಗಳನ್ನು 1960ರವರೆಗೂ ಕಲಿಸಿದರು. ಐದು ವರ್ಷಗಳ ನಂತರ ಅದೇ ಊರಿನಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ.