ಕ್ರಿಸ್‌ಮಸ್ ದುಡ್ಡು ಯಾರ ಕೈಗೆ?

ಹೋದ ವರ್ಷ ಕಾಸರಗೋಡಿನ ನಮ್ಮ ಕುಟುಂಬಶ್ರೀ ಕೂಟಕ್ಕೆ, ಅಂದರೆ ಕೇರಳದ ಮಹಿಳಾ ಸ್ವಸಹಾಯ ಗುಂಪಿಗೆ, ಕುಸ್ವಾರ್ ಅನ್ನುವ ಕ್ರಿಸ್‌ಮಸ್ ತಿಂಡಿಗಳ ಆರ್ಡರ್ ಸಿಕ್ಕಿತು. ನೀರ್ಚಾಲು, ಬೇಳ ಕಡೆಯ ಕ್ರೈಸ್ತರ ಮನೆಗಳಲ್ಲಿ ಮೊದಲೆಲ್ಲ ಕಿಡ್ಯೊ, ನೆವ್ರಿ, ಗುಳಿಯೊ ಮನೆಯಲ್ಲೇ ಆಗುತ್ತಿತ್ತು. ಈಗ ಮಕ್ಕಳು ಗಲ್ಫಿನಲ್ಲಿ, ಇಲ್ಲವೇ ಮಂಗಳೂರಿನಲ್ಲಿ. ಊರಲ್ಲಿ ಉಳಿದವರಿಗೆ ಮೊಣಕಾಲು ನೋವು. ಹಾಗಾಗಿ ಕರಿಯುವ ಕೆಲಸ ನಮಗೆ ಬಂತು. ಅಳತೆ, ಹದ ಎಲ್ಲ ಹೇಳಿಕೊಟ್ಟವರು ಪಕ್ಕದ ಮನೆಯ ಬಾಯಮ್ಮ. ಅವರು ನಮ್ಮ ಕೂಟದ ಹಿರಿಯ ಸದಸ್ಯೆಯೂ ಹೌದು.

ಲಾಭ ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಬಂತು. ಹಬ್ಬದ ಹೆಸರಿನಲ್ಲಿ ಬಂದ ದುಡ್ಡು, ಒಂದು ಪಾಲು ಯಾರಿಗಾದರೂ ಕೊಡೋಣ ಅಂತ ಬಾಯಮ್ಮ ಹೇಳಿದರು. ಎಲ್ಲರೂ ಒಪ್ಪಿದರು. ಜಗಳ ಶುರುವಾದದ್ದು ಯಾರಿಗೆ ಅನ್ನುವಲ್ಲಿ.

ಭಾನುವಾರ ಮಧ್ಯಾಹ್ನ ನಮ್ಮ ಮನೆ ಜಗಲಿಯಲ್ಲಿ ಕೂಟ ಸೇರಿತು. ಒಬ್ಬಳು ಫೋನ್ ತೆಗೆದು ಒಂದು ಪೋಸ್ಟರ್ ತೋರಿಸಿದಳು. ಮೂಗಿಗೆ ನಳಿಕೆ ಹಾಕಿದ ಮಗು, ಕೆಳಗೆ ಕ್ಯೂಆರ್ ಕೋಡ್, ‘ಇವತ್ತು ಸಂಜೆಯೊಳಗೆ’ ಅನ್ನುವ ಮಾತು. ಕೋಡ್ ಸ್ಕ್ಯಾನ್ ಮಾಡಿದರೆ ಯಾರೋ ಒಬ್ಬ ಗಂಡಸಿನ ಹೆಸರು ಬಂತು. ಮಗುವಿನ ಅಪ್ಪನದ್ದೂ ಅಲ್ಲ, ಆಸ್ಪತ್ರೆಯದ್ದೂ ಅಲ್ಲ. ಪೋಸ್ಟರ್‌ನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಯಾವ ಆಸ್ಪತ್ರೆ, ಯಾವ ಪಂಚಾಯತ್ ಅಂತ ಕೇಳಿದ್ದಕ್ಕೆ, “ನಂಬಿಕೆ ಇಲ್ಲದಿದ್ದರೆ ಕೊಡಬೇಡಿ” ಅಂದರು. ಸರಿ, ಕೊಡಲಿಲ್ಲ.

ನಮ್ಮ ಕಡೆ ನಿಜವಾಗಿ ಕಷ್ಟದಲ್ಲಿರುವ ಮನೆಗೆ ದುಡ್ಡು ಎತ್ತುವ ಕ್ರಮ ಬೇರೆಯೇ ಇದೆ. ಚಿಕಿತ್ಸಾ ಸಹಾಯ ಸಮಿತಿ ಅಂತ ಮಾಡುತ್ತಾರೆ. ವಾರ್ಡ್ ಮೆಂಬರು ಇರುತ್ತಾರೆ, ಊರಿನ ನಾಲ್ಕು ಜನ ಇರುತ್ತಾರೆ. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆದು, ಪೇಟೆಯಲ್ಲಿ ಫ್ಲೆಕ್ಸ್ ಹಾಕುತ್ತಾರೆ. ಹೆಚ್ಚುಕಡಿಮೆ ಆದರೆ ಹೋಗಿ ಕೇಳಲು ಒಂದು ಮನೆ, ಒಂದು ಮುಖ ಇರುತ್ತದೆ. ವಾಟ್ಸಾಪ್ ಪೋಸ್ಟರಿಗೆ ಅದಿಲ್ಲ.

ಇನ್ನೊಬ್ಬಳು ದಿಕ್ಕಿಲ್ಲದ ಮಕ್ಕಳನ್ನು ಸಾಕುವ ಒಂದು ಮಕ್ಕಳ ಮನೆಯ ವಿಷಯ ತೆಗೆದಳು. ಕ್ರಿಸ್‌ಮಸ್ ದಿನ ಊಟದ ಖರ್ಚು ವಹಿಸಿಕೊಂಡರೆ ನಾವೂ ಹೋಗಿ ಮಕ್ಕಳ ಜೊತೆ ಊಟ ಮಾಡಬಹುದಂತೆ, ಫೋಟೊ ತೆಗೆಯಬಹುದಂತೆ. ಹಲವರಿಗೆ ಇದು ಇಷ್ಟವಾಯಿತು. ಮಕ್ಕಳು ಅಂದರೆ ಯಾರ ಮನಸ್ಸು ಕರಗುವುದಿಲ್ಲ, ಅಲ್ವಾ? ಸರ್ಕಾರದ ಅನುದಾನ ಇರಲಿ ಇಲ್ಲದಿರಲಿ, ಇಂಥ ಮನೆಗಳೆಲ್ಲ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ನೋಂದಣಿ ಆಗಿರಲೇಬೇಕು. ಮರುದಿನ ಜಿಲ್ಲಾ ಶಿಶು ಸಂರಕ್ಷಣಾ ಘಟಕಕ್ಕೆ ಫೋನ್ ಮಾಡಿ ಕೇಳಿದೆ. ನೋಂದಣಿ ಇದೆ ಅಂದರು.

ಆದರೂ ನನಗೆ ಸಮಾಧಾನ ಆಗಲಿಲ್ಲ. ಅವರು ಕಳಿಸಿದ ಫೋಟೊಗಳಲ್ಲಿ ಮಕ್ಕಳ ಮುಖ, ಕೆಳಗೆ ಹೆಸರು, ಯಾರ ಅಪ್ಪ ಕುಡುಕ, ಯಾರ ಅಮ್ಮ ಬಿಟ್ಟು ಹೋದಳು ಎಲ್ಲ ಇತ್ತು. ಇಂಥ ಮಕ್ಕಳ ಗುರುತನ್ನು ಪ್ರಚಾರ ಮಾಡಬಾರದು ಅಂತ ಅದೇ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ಹೋದ ವರ್ಷದ ಲೆಕ್ಕಪತ್ರ ಕಳಿಸಬಹುದಾ ಅಂತ ಕೇಳಿದೆ. “ಆಡಿಟರ್ ಹತ್ತಿರ ಇದೆ” ಅಂದರು. ಎರಡನೇ ಸಲ ಕೇಳಿದಾಗಲೂ ಅದೇ ಉತ್ತರ. ಫೋಟೊ ಮಾತ್ರ ದಿನಾ ಬರುತ್ತಿತ್ತು.

ಬಾಯಮ್ಮನಿಗೆ ನನ್ನ ಈ ವಿಚಾರಣೆ ಇಷ್ಟವಾಗಲಿಲ್ಲ. “ಮಗಾ, ದಾನ ಕೊಡುವುದಕ್ಕೆ ಪೊಲೀಸ್ ಕೆಲಸ ಯಾಕೆ?” ಅಂದರು. ಅವರದ್ದು ಇಗರ್ಜಿಯ, ಅಂದರೆ ಚರ್ಚಿನ, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಅಭ್ಯಾಸ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಝನಾಮ್ ಎಂಬ ವಿದ್ಯಾರ್ಥಿ ಗೆಳೆಯರ ಜೊತೆ ಶುರುಮಾಡಿದ ಸಭೆ ಅದು. ಸದಸ್ಯರು ಜೋಡಿಯಾಗಿ ಬಡವರ ಮನೆಗೆ ಹೋಗಿ ಕೂತು ಮಾತಾಡುತ್ತಾರೆ. ಸಭೆ ಮುಗಿಯುವಾಗ ಒಂದು ಚೀಲ ಸುತ್ತು ಬರುತ್ತದೆ. ಯಾರು ಎಷ್ಟು ಹಾಕಿದರು ಅಂತ ಪಕ್ಕದವರಿಗೂ ಗೊತ್ತಾಗಬಾರದು.

“ನಿಮ್ಮ ಸಭೆಯವರು ಮನೆಗೇ ಹೋಗಿ ನೋಡುತ್ತಾರಲ್ಲ ಬಾಯಮ್ಮ, ನಾನು ಮಾಡುವುದೂ ಅದನ್ನೇ. ನೋಡದೆ ಕೊಡುವುದು ಬೇಡ ಅಂತ ಅಷ್ಟೇ” ಅಂದೆ. ಅವರು ಒಪ್ಪಲಿಲ್ಲ. ಆದರೆ ಆಮೇಲೆ ಪಾಲಿಯೇಟಿವ್‌ನವರ ಹೆಸರು ಹೇಳಿದ್ದು ಅವರೇ.

ನಮ್ಮ ಕಡೆ ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡಿಕೊಳ್ಳುವವರಿಗೆ ಪಾಲಿಯೇಟಿವ್‌ನವರು ಅಂತಲೇ ಹೇಳುವುದು. ಕೇರಳ ಸರ್ಕಾರ 2008ರಲ್ಲೇ ಇದಕ್ಕೊಂದು ನೀತಿ ತಂದಿತು. ಪಂಚಾಯತ್‌ಗಳು ನರ್ಸ್ ಇಟ್ಟುಕೊಂಡು ನಡೆಸುತ್ತವೆ. ಅದರ ಜೊತೆ ಊರಿನ ಜನರೇ ನಡೆಸುವ ಸೊಸೈಟಿಗಳೂ ಇವೆ. ಬಾಯಮ್ಮ ಹೇಳಿದ್ದು ಅಂಥದ್ದೊಂದು.

ಕಾಗದಪತ್ರ ಕೇಳಿದ್ದೇ ತಡ, ಅದೇ ದಿನ ಕಳಿಸಿದರು. ಎಲ್ಲ ಮಲಯಾಳದಲ್ಲಿ. ನನಗೆ ಮಾತಾಡಲು ಬರುತ್ತದೆ, ಲೆಕ್ಕಪತ್ರದ ಮಲಯಾಳ ಓದಲು ಆಗುವುದಿಲ್ಲ. ಮಗಳು ಓದಿದಳು. ನಡುವೆ ನಿಂತು, “ಅಮ್ಮಾ, ಸೊಸೈಟಿ ನೋಂದಣಿ ಆದದ್ದು 1860ರ ಕಾಯ್ದೆಯಲ್ಲಿ ಅಂತ ಉಂಟು. ಡೂಪ್ಲಿಕೇಟ್ ಇರಬೇಕು” ಅಂದಳು. ಡೂಪ್ಲಿಕೇಟ್ ಅಲ್ಲ. ತಿರುವನಂತಪುರ ಕಡೆಯ ಸೊಸೈಟಿಗಳಿಗೆ 1955ರ ತಿರುವಾಂಕೂರು-ಕೊಚ್ಚಿ ಕಾಯ್ದೆ. ಕಾಸರಗೋಡು ಆಗ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಲ್ಲಿತ್ತು, ಕೇರಳಕ್ಕೆ ಸೇರಿದ್ದು 1956ರಲ್ಲಿ. ಹಾಗಾಗಿ ಇಲ್ಲಿ ಈಗಲೂ ಬ್ರಿಟಿಷರ ಕಾಲದ ಆ ಹಳೆಯ ಕಾಯ್ದೆಯೇ. ಗಡಿಯಲ್ಲಿರುವವರಿಗೆ ಇಂಥ ವಿಚಿತ್ರಗಳು ಹೊಸದಲ್ಲ ಬಿಡಿ.

ಮಂಗಳೂರಿನ ತಮ್ಮ ತಾನೂ ಸ್ವಲ್ಪ ಹಾಕುತ್ತೇನೆ, ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುವ 80ಜಿ ಇದೆಯಾ ನೋಡು ಅಂದ. ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ಸಂಸ್ಥೆಯ ಹೆಸರು ಹುಡುಕಿದೆವು, ಇತ್ತು. ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲೂ ಇತ್ತು. ಎರಡು ಸಾವಿರಕ್ಕಿಂತ ಹೆಚ್ಚು ನಗದಾಗಿ ಕೊಟ್ಟರೆ ವಿನಾಯಿತಿ ಇಲ್ಲ, ಬ್ಯಾಂಕ್ ಮೂಲಕ ಕೊಟ್ಟರೆ ವರ್ಷ ಮುಗಿದ ಮೇಲೆ 10ಬಿಇ ಅನ್ನುವ ಪ್ರಮಾಣಪತ್ರ ಕೊಡುತ್ತೇವೆ ಅಂತ ಅವರೇ ಹೇಳಿದರು. ತಮ್ಮ ಹೊಸ ತೆರಿಗೆ ಪದ್ಧತಿಯಲ್ಲಿದ್ದಾನೆ. ಅದರಲ್ಲಿ ಈ ವಿನಾಯಿತಿಯೇ ಸಿಗುವುದಿಲ್ಲ. ಅದು ಗೊತ್ತಾದ ಮೇಲೂ ಹಾಕಿದ, ಅದು ಅವನ ಒಳ್ಳೆಯತನ.

ಈ ನಂಬರುಗಳಿಂದ ಸಂಸ್ಥೆ ಇದೆ ಅಂತ ಗೊತ್ತಾಗುತ್ತದೆ, ಒಳ್ಳೆಯದು ಅಂತ ಗೊತ್ತಾಗುವುದಿಲ್ಲ. ದರ್ಪಣ್‌ನಲ್ಲಿ ಹೆಸರಿದೆ ಅಂದರೆ ಸರ್ಕಾರ ಮೆಚ್ಚಿದೆ ಅಂತ ಅರ್ಥವಲ್ಲ. ಅದಕ್ಕೇ ನಾವು ಮೂವರು ಅವರ ಆಫೀಸಿಗೆ ಹೋದೆವು. ಅಂಗಡಿ ಮಾಳಿಗೆಯ ಸಣ್ಣ ಕೋಣೆ. ಒಂದು ಮೂಲೆಯಲ್ಲಿ ಗಾಳಿ ಹಾಸಿಗೆ, ವಾಕರ್, ಮಡಚಿಟ್ಟ ವೀಲ್‌ಚೇರ್‌ಗಳು. ಖಜಾಂಚಿ ನಿವೃತ್ತ ಮಾಸ್ತರರು. ಕೇಳುವ ಮೊದಲೇ ದಾಖಲೆ ಪುಸ್ತಕ ತೆರೆದರು. ಔಷಧಿ, ಡಯಪರ್, ಜೀಪಿನ ಡೀಸೆಲ್, ನರ್ಸಿನ ಸಂಬಳ ಎಲ್ಲ ಬೇರೆ ಬೇರೆ ಬರೆದಿತ್ತು. ವಾರವಾರ ಕೂಟದ ಉಳಿತಾಯದ ಪುಸ್ತಕ ಬರೆಯುವವಳು ನಾನು. ತಿದ್ದಿದ ಕಡೆಯೆಲ್ಲ ಪಕ್ಕದಲ್ಲಿ ಸಹಿ ಇತ್ತು. ಅದು ನನಗೆ ಹಿಡಿಸಿತು.

“ವೀಲ್‌ಚೇರ್ ಕೊಡಿಸೋಣವಾ?” ಅಂತ ನಮ್ಮ ಅಧ್ಯಕ್ಷೆ ಕೇಳಿದರು. ಮಾಸ್ತರರು ನಕ್ಕರು. “ಬೇಡ ಅಕ್ಕಾ. ಡಿಸೆಂಬರ್‌ನಲ್ಲಿ ಎಲ್ಲರೂ ವೀಲ್‌ಚೇರ್ ಕೊಡುತ್ತಾರೆ, ಫೋಟೊದಲ್ಲಿ ಕಾಣುತ್ತದಲ್ಲ. ನಮಗೆ ಕಷ್ಟ ಮಳೆಗಾಲದಲ್ಲಿ. ಬಟ್ಟೆ ಒಣಗುವುದಿಲ್ಲ, ಡಯಪರ್ ಜಾಸ್ತಿ ಬೇಕು, ಕೊಡುವವರು ಯಾರೂ ಇಲ್ಲ.” ಬೇಡ ಅನ್ನುವ ಸಂಸ್ಥೆಯನ್ನು ನಾನು ಅದೇ ಮೊದಲು ನೋಡಿದ್ದು.

ಹಾಗಾದರೆ ಒಂದು ದಿನ ಜೀಪಿನಲ್ಲಿ ಬಂದು ರೋಗಿಗಳನ್ನು ನೋಡಬಹುದಾ ಅಂತ ಕೇಳಿದೆ. ಅದಕ್ಕೆ ಮಾತ್ರ ಅವರು ಖಂಡಿತವಾಗಿ ಆಗುವುದಿಲ್ಲ ಅಂದರು. “ನೋಡಲಿಕ್ಕೆ ಅಂತ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ತರಬೇತಿ ತೆಗೆದುಕೊಳ್ಳಿ, ಸ್ವಯಂಸೇವಕರಾಗಿ ಬನ್ನಿ. ಆಗ ಬೆಡ್‌ಶೀಟ್ ಬದಲಿಸಲು ಕೈ ಕೊಡಬಹುದು.”

ನನ್ನ ತವರು ಎಣ್ಮಕಜೆ ಕಡೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದು 2000ದವರೆಗೆ. ಆಮೇಲೆ ಕಾಯಿಲೆ ಬಿದ್ದ ಮಕ್ಕಳಿದ್ದ ಅಲ್ಲಿನ ಮನೆಗಳಿಗೆ ಎಷ್ಟು ಕ್ಯಾಮೆರಾ ಬಂದಿಲ್ಲ! ಸುದ್ದಿ ಹೊರಗೆ ಬರಲು ಅದು ಬೇಕಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅಕ್ಕಿ ಚೀಲ ಹಿಡಿದು ಬಂದು, ಮಲಗಿದ ಮಗುವಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೋದವರೂ ಇದ್ದರು. ಆ ತಾಯಂದಿರು ಮಗುವಿಗೆ ಬೇಗಬೇಗ ಒಳ್ಳೆಯ ಅಂಗಿ ಹಾಕುತ್ತಿದ್ದದ್ದು ನನಗೆ ನೆನಪಿದೆ. ಮಾಸ್ತರರು ಲೆಕ್ಕ ಎಲ್ಲ ತೋರಿಸಿದರು, ರೋಗಿಯನ್ನು ತೋರಿಸಲಿಲ್ಲ. ಮಕ್ಕಳ ಮನೆಯವರು ಮಾಡಿದ್ದು ಇದರ ತಿರುಗಾಮುರುಗಾ. ನನಗೆ ಇನ್ನೇನೂ ಕೇಳಲು ಉಳಿಯಲಿಲ್ಲ.

ದುಡ್ಡನ್ನು ಒಟ್ಟಿಗೆ ಕೊಡದೆ, ಅರ್ಧ ಈಗ, ಅರ್ಧ ಜೂನ್‌ನಲ್ಲಿ ಅಂತ ತೀರ್ಮಾನ ಆಯಿತು. ರಸೀದಿ ಪುಸ್ತಕ ತೆಗೆದು ಮಾಸ್ತರರು, “ಯಾರ ಹೆಸರು ಬರೆಯಲಿ?” ಅಂದರು.

“ಹೆಸರು ಬೇಡ” ಅಂದರು ಬಾಯಮ್ಮ.

“ಹಾಗೆ ಆಗುವುದಿಲ್ಲ ಬಾಯಮ್ಮ. ಹೆಸರಿಲ್ಲದ ದೇಣಿಗೆ ಜಾಸ್ತಿಯಾದರೆ ನಾವು ಅದಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ.”

ಬಾಯಮ್ಮ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ನನ್ನ ಕಡೆ ಕೈ ತೋರಿಸಿ, “ಹಾಗಾದರೆ ಇವಳದ್ದು ಬರೆಯಿರಿ. ಇವಳಿಗೆ ಕಾಗದ ಅಂದರೆ ಇಷ್ಟ” ಅಂದರು. ಕೂಟದ ಹೆಸರಿಗೇ ಬರೆಸಿ, ರಸೀದಿಯನ್ನು ಫೈಲಿಗೆ ಸೇರಿಸಿದೆ.