ಕಾಳಿಯ ನೀರು, ಸರ್ ಅವರ ಕೆಂಪು ಶಾಯಿ

1950ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಶಾಸನಬದ್ಧವಾಗಿ ನೆಲೆಗೊಂಡಾಗ ಕಾರವಾರ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ರಾಜ್ಯ ಒಂದಾದ ಮೇಲೂ ನಮ್ಮ ಜಿಲ್ಲೆಯವರ ಮಟ್ಟಿಗೆ ವಿಶ್ವವಿದ್ಯಾಲಯ ಎಂದರೆ ಅರಬೈಲು ಘಟ್ಟ ಹತ್ತಿ, ಯಲ್ಲಾಪುರ ದಾಟಿ ಹೋಗಬೇಕಾದ ಊರು. ಕೋಡಿಬಾಗದ ಕಡಲ ಜೀವಶಾಸ್ತ್ರ ವಿಭಾಗ ಒಂದೇ ಘಟ್ಟ ಇಳಿದು ಬಂದು ಕಾಳಿ ನದಿಯ ಮಗ್ಗುಲಲ್ಲಿ ಕೂತದ್ದು. ಅಲ್ಲಿ ನಮಗೆ ಪಾಠ ಹೇಳಿದ ಸರ್ ತೀರಿಕೊಂಡ ಸುದ್ದಿ ಬಂದ ಮೇಲೆ ಹಳೆಯ ಗೆಳೆಯರ ನಡುವೆ ಫೋನುಗಳು ಓಡಾಡಿದವು. ಯಾವ ಪತ್ರಿಕೆಯಲ್ಲಿ ಏನು ಓದಿದೆವೆಂದು ಯಾರಿಗೂ ನೆನಪಿಲ್ಲ. ಎಲ್ಲರಿಗೂ ನೆನಪಿದ್ದದ್ದು ದೋಣಿ, ಬಾಟಲಿ ಮತ್ತು ಕೆಂಪು ಶಾಯಿ.

ಸರ್ ಬಯಲುಸೀಮೆಯವರು. ಮೀನು ಬಾಯಿಗಿಟ್ಟವರಲ್ಲ. ಆದರೆ ಬೈತಕೋಲ ಬಂದರಿನಲ್ಲಿ ಬಂಗಡೆಯ ಹೊಟ್ಟೆ ಸೀಳಿ, ಮೊಟ್ಟೆ ಯಾವ ಹಂತದಲ್ಲಿದೆ ಎಂದು ಹೇಳುತ್ತಿದ್ದರೆ ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ ನಿಲ್ಲುತ್ತಿದ್ದರು. ದೋಣಿ ನಡೆಸುತ್ತಿದ್ದವರನ್ನು ನಾವು ತಾಂಡೇಲ ಮಾಮ ಎನ್ನುತ್ತಿದ್ದೆವು. ಭರತಿ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ ಎಂದು ಸರ್ ಹಲಗೆಯ ಮೇಲೆ ಲೆಕ್ಕ ಹಾಕಿದರೆ, ಮಾಮ ತಿಥಿ ಕೇಳಿ ಅದನ್ನೇ ಬಾಯಲ್ಲಿ ಹೇಳುತ್ತಿದ್ದರು. ಇಬ್ಬರ ಉತ್ತರ ಬೇರೆಯಾದ ದಿನ ಸರ್ ಮಾಮನ ಮಾತಿನ ಪ್ರಕಾರವೇ ಹೊರಡುತ್ತಿದ್ದರು.

ನೀರು ತೆಗೆಯುವ ಜಾಗ ಮೂರು: ದೇವಬಾಗದೆದುರಿನ ಅಳಿವೆ, ಸೇತುವೆಯ ಕೆಳಗೆ, ಮೇಲೆ ಕಿನ್ನರದ ಕಡೆ. ಎರಡನೆಯದಕ್ಕೆ ಗುರುತಾಗಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಹೋಯಿತು. ಪ್ರತಿ ಜಾಗದಲ್ಲೂ ಮೊದಲು ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯುವ ಬಿಳಿ ತಟ್ಟೆ. ದೋಣಿಯ ನೆರಳು ಬೀಳುವ ಬದಿಯಲ್ಲಿ ಅದನ್ನು ಇಳಿಸಿ, ಕಣ್ಮರೆಯಾದ ಆಳ ಮತ್ತು ಎಳೆಯುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ ಬರೆಯಬೇಕು. ಬಿಸಿಲ ಬದಿಯಲ್ಲಿ ಇಳಿಸಿದರೆ ನೀರಿನ ಹೊಳಪಿಗೆ ಕಣ್ಣು ಮೋಸ ಹೋಗುತ್ತದೆ.

ಆಮೇಲೆ ನೀರಿನಲ್ಲಿ ಕರಗಿದ ಆಮ್ಲಜನಕದ ಅಳತೆ. ಇದೇ ನಮ್ಮನ್ನು ಹೆಚ್ಚು ಅಳಿಸಿದ್ದು. 125 ಮಿಲಿಯ ಗಾಜಿನ ಬಾಟಲಿಗೆ ರಬ್ಬರ್ ಕೊಳವೆಯನ್ನು ತಳದವರೆಗೆ ಇಳಿಸಿ, ನೀರು ಎರಡು ಮೂರು ಬಾಟಲಿಯಷ್ಟು ಹೊರಚೆಲ್ಲುವ ತನಕ ತುಂಬಬೇಕು. ಮ್ಯಾಂಗನೀಸ್ ದ್ರಾವಣ 1 ಮಿಲಿ, ಕ್ಷಾರದ ಅಯೊಡೈಡ್ 1 ಮಿಲಿ, ಎರಡನ್ನೂ ಪಿಪೆಟ್ಟಿನ ತುದಿ ನೀರಿನೊಳಗಿರುವಂತೆ ಬಿಟ್ಟು, ಗುಳ್ಳೆ ಸಿಗದ ಹಾಗೆ ಬಿರಡೆ ಒತ್ತಬೇಕು. ಕಂದು ಬಣ್ಣದ ಗಸಿ ಬಂದರೆ ಆಮ್ಲಜನಕ ಇದೆ, ಬೆಳ್ಳಗೇ ಉಳಿದರೆ ಇಲ್ಲ. ಗಸಿ ಇಳಿದ ಮೇಲೆ ಗಂಧಕಾಮ್ಲ ಹಾಕಿ ಕರಗಿಸಿ, ಪ್ರಯೋಗಾಲಯದಲ್ಲಿ ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಟ್ಟು ಟೈಟ್ರೇಟ್ ಮಾಡುವುದು. ಬಣ್ಣ ಒಣಹುಲ್ಲಿನ ಹಳದಿಗೆ ಇಳಿಯುವ ಮೊದಲೇ, ನೀಲಿ ಬಣ್ಣ ಕೊಡುವ ಪಿಷ್ಟ ಹಾಕಿಬಿಟ್ಟರೆ ಅದು ಅಯೊಡಿನ್ನನ್ನು ಹಿಡಿದುಕೊಳ್ಳುತ್ತದೆ, ನೀಲಿ ಹೋಗಲೊಲ್ಲದು. ಹೋದ ನೀಲಿ ಸ್ವಲ್ಪ ಹೊತ್ತಿಗೆ ಮರಳಿ ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ನಮ್ಮ ಬ್ಯಾಚಿನವರ ಮೂರು ಓದುಗಳ ನಡುವೆ 0.05 ಮಿಲಿಗಿಂತ ಹೆಚ್ಚು ವ್ಯತ್ಯಾಸ ಬರುತ್ತಿರಲಿಲ್ಲ; ಹೇಳಿಕೊಳ್ಳುವುದಕ್ಕೆ ಸಂಕೋಚವೇನೂ ಇಲ್ಲ.

ಪ್ಲವಕದ, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಹಿಡಿಯುವ, ಬಲೆಯನ್ನು ಹತ್ತು ನಿಮಿಷ ನಿಧಾನ ಎಳೆದು, ಹೊರಮೈಯಿಂದ ನೀರು ಹೊಯ್ದು ಅಂಟಿದ್ದನ್ನು ತಳದ ಡಬ್ಬಿಗೆ ಇಳಿಸಬೇಕು. ಒಳಗಿನಿಂದ ತೊಳೆದರೆ ಅರ್ಧ ಮಾಲು ಬಲೆಯ ಕಣ್ಣಿನಲ್ಲೇ ಉಳಿಯುತ್ತದೆ. ಫಾರ್ಮಲಿನ್ ಶೇ 4ರಿಂದ 5, ಬೊರಾಕ್ಸ್ ಹಾಕಿದ್ದೇ ಆಗಬೇಕು. ಬೊರಾಕ್ಸ್ ಇಲ್ಲದ ಫಾರ್ಮಲಿನ್ ಹುಳಿಯಾಗಿ ಎಳೆಯ ಚಿಪ್ಪುಗಳನ್ನೇ ಕರಗಿಸುತ್ತದೆ. ಆರು ತಿಂಗಳ ನಂತರ ಸೂಕ್ಷ್ಮದರ್ಶಕದಲ್ಲಿ ನೋಡಿದವರು ‘ಈ ನದಿಯಲ್ಲಿ ಚಿಪ್ಪಿನ ಮರಿಗಳೇ ಇಲ್ಲ’ ಎಂದು ಬರೆದುಬಿಡುತ್ತಾರೆ.

ಜುಲೈನಲ್ಲಿ ಒಂದು ವಾರ ಮಳೆ ಬಿಡಲೇ ಇಲ್ಲ. ದೋಣಿ ಹತ್ತುವ ಮನಸ್ಸು ಯಾರಿಗೂ ಇರಲಿಲ್ಲ. ಹಾಸ್ಟೆಲಿನ ಮಂಚದ ಮೇಲೆಯೇ ರಿಜಿಸ್ಟರು ಬಿಚ್ಚಿ ಹಿಂದಿನ ಪುಟ ನೋಡಿ ತುಂಬಿದ್ದಾಯಿತು. ಆ ಹಿಂದಿನ ಪುಟ ಮೇ ತಿಂಗಳದ್ದು. ಸೇತುವೆಯ ಕೆಳಗೆ, ಮೇಲ್ನೀರಿನ ಲವಣಾಂಶ ಸಾವಿರಕ್ಕೆ 31. ಸರ್ ಪುಟ ನೋಡಿದರು, ಬೈಯಲಿಲ್ಲ.

“ಕಾಳಿ ಇಷ್ಟು ಉಪ್ಪಾಗ್ಯದ ಅಂದ್ರ, ಆ ಬಾಟಲಿ ತಗೊಂಡ್ ಬರ್ರಿ. ನಾನೂ ಒಂದ್ ಹನಿ ರುಚಿ ನೋಡ್ತೀನಿ.”

ಬಾಟಲಿ ಎಲ್ಲಿಂದ ತರುವುದು! ಅವರು 31ರ ಕೆಳಗೆ ಕೆಂಪು ಗೆರೆ ಎಳೆದು ಆ ಮಳೆಯಲ್ಲೇ ಎಲ್ಲರನ್ನೂ ದೋಣಿಗೆ ಹತ್ತಿಸಿದರು. ಮಾಮ ದಾರಿಯುದ್ದಕ್ಕೂ ನಗುತ್ತಿದ್ದರು. ಮೇಲಿನ ನೀರು 2ಕ್ಕೂ ಕಡಿಮೆ ಬಂತು. ಘಟ್ಟದ ಮಳೆಯ ಜೊತೆ ಕದ್ರಾ ಅಣೆಕಟ್ಟಿನ ನೀರೂ ಸೇರಿ ಬರುವ ದಿನಗಳಲ್ಲಿ ಕಾಳಿಯ ಮೇಲ್ಪದರ ಬಾವಿಯ ನೀರಿಗೆ ಹತ್ತಿರ. ಉಪ್ಪುನೀರು ಭಾರವಾದ್ದರಿಂದ ತಳ ಹಿಡಿದು ಬೆಣೆಯ ಹಾಗೆ ಒಳನುಗ್ಗುತ್ತದೆ. ಮೇಲಿನ ಒಂದೇ ಓದಿನಿಂದ ನದಿಯ ಕಥೆ ತಿಳಿಯುವುದಿಲ್ಲ ಎಂದು ಅಂದು ತೊಯ್ದ ಮೇಲೆ ತಿಳಿಯಿತು.

ಅದೇ ಮಳೆಗಾಲದಲ್ಲಿ ನದಿಯಂಚಿನ ಹೆಂಗಸರು ಬುಟ್ಟಿ ತುಂಬ ಬಾಯಿ ಬಿಟ್ಟ ತಿಸರೆ ಚಿಪ್ಪು ತಂದು ವಿಭಾಗದ ಮೆಟ್ಟಿಲ ಮೇಲೆ ಸುರಿದರು. ಅಘನಾಶಿನಿಯ ಕಡೆ ಬಳಚು ಅನ್ನುತ್ತಾರಲ್ಲ, ಅಂಥದ್ದೇ. ಯಾರೋ ವಿಷ ಬಿಟ್ಟಿದ್ದಾರೆಂಬುದು ಅವರ ಗುಮಾನಿ. ಸರ್ ಆ ಹೆಂಗಸರನ್ನೇ ದೋಣಿಯಲ್ಲಿ ಕರೆದೊಯ್ದು, ತಿಸರೆ ಇರುವ ಮರಳಿನ ಮೇಲಿನ ನೀರು ತೆಗೆದು, ಉಪ್ಪು ನೋಡುವ ದುರ್ಬೀನನ್ನು ಅವರ ಕೈಗೇ ಕೊಟ್ಟರು. ತಳದಲ್ಲೂ 4 ದಾಟಿರಲಿಲ್ಲ. ಚಿಪ್ಪು ಮುಚ್ಚಿಕೊಂಡು ತಿಸರೆ ಕೆಲವು ದಿನ ತಡೆಯುತ್ತದೆ, ಸಿಹಿನೀರು ವಾರಗಟ್ಟಲೆ ನಿಂತರೆ ಉಸಿರಿಗೆ ಬಾಯಿ ತೆರೆಯಲೇಬೇಕು, ತೆರೆದರೆ ನೀರು ಹೀರಿ ಊದಿ ಸಾಯುತ್ತದೆ. ಇದನ್ನು ಸರ್ ಅರ್ಧ ಕನ್ನಡ ಅರ್ಧ ಹರಕು ಕೊಂಕಣಿಯಲ್ಲಿ ಹೇಳಿದರು. ಬಾಯಿ ತೆರೆದದ್ದನ್ನು ತಟ್ಟಿ ನೋಡಿ, ಮುಚ್ಚಿಕೊಳ್ಳದಿದ್ದರೆ ಮಾರಬೇಡಿ. ಮರಳು ಬಿಡಿಸಲು ರಾತ್ರಿ ಶುದ್ಧ ಉಪ್ಪುನೀರಿನಲ್ಲಿಡಿ, ಸಿಹಿನೀರಿನಲ್ಲಿಟ್ಟರೆ ಬಾಯಿ ಬಿಡದೆ ಮರಳನ್ನು ಒಳಗೇ ಇಟ್ಟುಕೊಳ್ಳುತ್ತದೆ ಎಂದೂ ಹೇಳಿದರು. ಎರಡನೆಯದು ಹೆಂಗಸರಿಗೆ ಮೊದಲೇ ಗೊತ್ತಿತ್ತು. ಸರ್ ತಲೆಯಾಡಿಸಿ ಅದನ್ನೂ ರಿಜಿಸ್ಟರಿನ ಅಂಚಿನಲ್ಲಿ ಬರೆದುಕೊಂಡರು.

ನೀಲಿಕಲ್ಲು ಎಂಬ ಚಿಪ್ಪುಮೀನನ್ನು ಬೆಳೆಸುವ ಹಗ್ಗ ಕಟ್ಟುವುದನ್ನು ಅಂಗಳದಲ್ಲಿ ಎಲ್ಲರೆದುರು ತೋರಿಸಿದ್ದೂ ಹೀಗೆಯೇ. ಮಳೆ ಮುಗಿದು ಉಪ್ಪು ಏರಿದ ಮೇಲೆ, ಬಂಡೆಯಿಂದ ಬಿಡಿಸಿದ ಎರಡು ಸೆಂಟಿಮೀಟರಿನ ಮರಿಗಳು, ಮೀಟರು ಹಗ್ಗಕ್ಕೆ ಒಂದು ಕಿಲೋದಷ್ಟು. ಸುತ್ತ ತೆಳು ಹತ್ತಿಬಟ್ಟೆ ಸುತ್ತಿ ಹೊಲಿಯಬೇಕು. ಕೆಲವು ದಿನಗಳಲ್ಲಿ ಮರಿಗಳು ನಾರು ಬಿಟ್ಟು ಹಗ್ಗ ಹಿಡಿಯುತ್ತವೆ, ಬಟ್ಟೆ ತಾನಾಗಿ ಕೊಳೆತು ಹೋಗುತ್ತದೆ. ಬಾಳಿಕೆ ಬರಲೆಂದು ನೈಲಾನ್ ಸುತ್ತಿದರೆ ಅದು ಕೊಳೆಯದೆ ಉಸಿರು ಕಟ್ಟಿಸುತ್ತದೆ. ಆಸೆಗೆ ಮರಿ ಹೆಚ್ಚು ತುಂಬಿದರೆ ದೊಡ್ಡವಾದ ಮೇಲೆ ಗೊಂಚಲು ಗೊಂಚಲಾಗಿ ಜಾರಿ ಬೀಳುತ್ತವೆ. ಹಗ್ಗದ ತುದಿ ಇಳಿತದಲ್ಲೂ ಕೆಸರು ಮುಟ್ಟಕೂಡದು, ಮುಟ್ಟಿದರೆ ಏಡಿಗೆ ಏಣಿ ಇಟ್ಟ ಹಾಗೆ. ಮೇ ಮುಗಿಯುವುದರೊಳಗೆ ತೆಗೆಯಬೇಕು, ಯಾಕೆಂದರೆ ಮತ್ತೆ ಅದೇ ಸಿಹಿನೀರು.

ಈಗ ನೀರಿಗಿಳಿಸಿದ ಕೂಡಲೇ ಉಪ್ಪು, ಉಷ್ಣತೆ, ಆಮ್ಲಜನಕ ಮೂರನ್ನೂ ತೋರಿಸುವ ಉಪಕರಣ ಬಂದಿದೆ. ಒಳ್ಳೆಯದೇ. ಆದರೆ ಅದನ್ನು ಪ್ರಮಾಣ ದ್ರಾವಣದಲ್ಲಿ ಸರಿಹೊಂದಿಸದೆ ಅದ್ದಿ, ಪರದೆಯ ಫೋಟೊ ತೆಗೆದು ಬರುವ ಮಕ್ಕಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಸೆಮಿಸ್ಟರಿನ ಕೆಲವೇ ವಾರಗಳಲ್ಲಿ ಒಂದು ಮಳೆಗಾಲವೂ ಪೂರ್ತಿ ಸಿಕ್ಕುವುದಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆಗೆ ಜೌಗುಪ್ರದೇಶಗಳಿಗೆ ಸಿಗುವ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟ ಬಂದಾಗ ಎಲ್ಲರೂ ಸಂಭ್ರಮಿಸಿದರು. ಪಟ್ಟ ಬಂದ ನದಿಗೂ ಬಾರದ ನದಿಗೂ ಬೇಕಾದದ್ದು ಅದೇ ಜಾಗದಲ್ಲಿ, ಅದೇ ಭರತಿಯಲ್ಲಿ, ವರ್ಷಾನುಗಟ್ಟಲೆ ತೆಗೆದ ನೀರಿನ ಲೆಕ್ಕ.

ಆ ಲೆಕ್ಕದ ಹಾಳೆಗಳು ನಮ್ಮ ಮನೆಗಳ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ. ಪ್ರಾಕ್ಟಿಕಲ್ ರಿಜಿಸ್ಟರು, ಬಿಡಿ ಪುಟ, ಏನಿದ್ದರೂ ತಾರೀಕು ಮತ್ತು ಜಾಗ ಕಾಣುವಂತೆ ಫೋಟೊ ತೆಗೆದು ಹಳೆಯ ವಿದ್ಯಾರ್ಥಿಗಳ ಗುಂಪಿಗೆ ಕಳಿಸಿ. ಆ ಜುಲೈಯಲ್ಲಿ ಲವಣಾಂಶ 31 ಎಂದು ಬರೆದ ಪುಟ ಯಾರ ಬಳಿ ಇದ್ದರೂ ನಾಚಿಕೊಳ್ಳದೆ ಕಳಿಸಿ. ಕೆಂಪು ಗೆರೆ ಇರುವುದರಿಂದ ಅದನ್ನು ಯಾರೂ ಲೆಕ್ಕಕ್ಕೆ ಸೇರಿಸುವುದಿಲ್ಲ.